ಗಾಳಿಗೂ ಪೇಟೆಂಟ್ ಇದೆಯೇ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ರಸಾಯನಶಾಸ್ತ್ರ ನನ್ನ ವಿಷಯವಲ್ಲ, ಕಾನೂನಂತೂ ಅಲ್ಲವೇ ಅಲ್ಲ. ಹಾಗಿದ್ದೂ ಈ ಎರಡೂ ಸೇರಿರುವ ವಿಷಯವನ್ನು ಇವತ್ತು ಆರಿಸಿಕೊಂಡಿದ್ದೇನೆ. ಅದಕ್ಕೆ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಕಾರಣ.

ಆತ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಐ.ಟಿ.ಐ. ಮಾಡಿ, ಈಗ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಒಂದು ತೈಲ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಪಾಳಿಯಲ್ಲಿ ಮೀಟರುಗಳನ್ನು ನೋಡಿ ಬರೆದಿಡುವುದು ಅವನ ಕೆಲಸ. ಒಂದು ಶುಕ್ರವಾರ ಫೋನ್ ಮಾಡಿ ಕೇಳಿದ: "ಸರ್, ಒಂದು ಡೌಟು. ನಮ್ಮಲ್ಲಿ ಒಂದು ಕಡೆ ಆಕ್ಸಿಜನ್ ಇಷ್ಟೇ ಇರಬೇಕು ಅಂತ ಲೆಕ್ಕ ಇದೆ. ಆ ವಿಧಾನಕ್ಕೆ ಪೇಟೆಂಟ್ ಇದೆ ಅಂತಾರೆ. ಗಾಳಿಗೂ ಯಾರಾದ್ರೂ ಯಜಮಾನ್ರು ಇರ್ತಾರಾ?" ನನಗೆ ಉತ್ತರ ಗೊತ್ತಿರಲಿಲ್ಲ. "ಓದಿ ಹೇಳ್ತೀನಪ್ಪಾ" ಎಂದೆ. ಫೋನ್ ಇಡುವ ಮುಂಚೆ ಆತ ಇನ್ನೊಂದು ಮಾತು ಹೇಳಿದ: "ಇದೆಲ್ಲ ನನಗ್ಯಾಕೆ ಬಿಡಿ ಸರ್, ನಾನು ಬರೀ ಆಪರೇಟರ್."

ಪ್ರಶ್ನೆಗಿಂತ ಆ ಕೊನೆಯ ಮಾತು ನನ್ನನ್ನು ಹೆಚ್ಚು ಕಾಡಿತು. ಇವತ್ತಿನ ನನ್ನ ಮಾತು ಆ ಎರಡಕ್ಕೂ ಉತ್ತರ.

ತಳ ಹಿಡಿದ ದೇಗು

ಮೊದಲು ಅಲ್ಲಿ ನಡೆಯುವುದೇನು ಎಂದು ನೋಡೋಣ. ಕಚ್ಚಾ ತೈಲದಿಂದ ಒಳ್ಳೆಯ ಪೆಟ್ರೋಲ್ ಬರಬೇಕಾದರೆ ವೇಗವರ್ಧಕ ಬೇಕು. ಅದನ್ನೇ ಇಂಗ್ಲಿಷಿನಲ್ಲಿ ಕ್ಯಾಟಲಿಸ್ಟ್ ಎನ್ನುತ್ತಾರೆ. ಅದು ತಾನು ಖರ್ಚಾಗದೆ ಬೇರೆ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಸಣ್ಣ ಸಣ್ಣ ಗುಂಡುಗಳ ರೂಪದಲ್ಲೋ ಪುಡಿಯ ರೂಪದಲ್ಲೋ ಇರುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಕೆಲಸವೆಲ್ಲ ನಡೆಯುವುದು ಆ ರಂಧ್ರಗಳ ಒಳಗೆ.

ಕೆಲಸ ಮಾಡುತ್ತಾ ಮಾಡುತ್ತಾ ಆ ರಂಧ್ರಗಳಲ್ಲಿ ಇಂಗಾಲದ ಕರಕು ಕೂರುತ್ತದೆ. ಮದುವೆ ಮನೆಯಲ್ಲಿ ಬಿರಿಯಾನಿ ದೇಗಿನ ತಳ ಹಿಡಿದ ಹಾಗೆ. ದೇಗನ್ನು ಉಜ್ಜಬಹುದು, ಈ ರಂಧ್ರಗಳನ್ನು ಉಜ್ಜಲಾಗದು. ಇರುವ ದಾರಿ ಒಂದೇ: ಬಿಸಿಗಾಳಿ ಬಿಟ್ಟು ಕರಕನ್ನು ಸುಟ್ಟುಹಾಕುವುದು. ಇದನ್ನು ವೇಗವರ್ಧಕದ ಪುನಶ್ಚೇತನ ಎನ್ನಬಹುದು.

ಅಪಾಯ ಇರುವುದು ಇಲ್ಲಿಯೇ. ಇದ್ದಿಲ ಸಿಗಡಿಯ ಬಾಯಿ ಪೂರ್ತಿ ತೆರೆದರೆ ಕೆಂಡ ಧಗಧಗ ಉರಿಯುತ್ತದೆ, ಮುಚ್ಚಿದರೆ ಮಂಕಾಗುತ್ತದೆ. ಬೇಕರಿಯ ಭಟ್ಟಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕವಿದೆ. ಪೆಟ್ರೋಲಿನ ಗುಣ ಹೆಚ್ಚಿಸುವ ಘಟಕಗಳಲ್ಲಿ ಬಳಸುವ ಪ್ಲಾಟಿನಂ ವೇಗವರ್ಧಕದ ಕರಕನ್ನು ಆ ಗಾಳಿಯಲ್ಲಿ ನೇರವಾಗಿ ಸುಟ್ಟರೆ ಶಾಖ ಮಿತಿಮೀರುತ್ತದೆ. ರಂಧ್ರಗಳು ಕುಸಿಯುತ್ತವೆ, ಧೂಳಿನಂತೆ ಹರಡಿದ್ದ ಪ್ಲಾಟಿನಂ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಬೆಲೆಬಾಳುವ ವಸ್ತು ಹಾಳಾಗುತ್ತದೆ. ಆದ್ದರಿಂದ ಸುಡುವ ಹಂತದಲ್ಲಿ ಸಾರಜನಕದ ಜೊತೆ ಆಮ್ಲಜನಕವನ್ನು ಶೇಕಡ ಅರ್ಧದಿಂದ ಒಂದರ ಆಸುಪಾಸಿನಲ್ಲಿ ಮಾತ್ರ ಬಿಡುತ್ತಾರೆ. ಹೆಚ್ಚಾದರೆ ವೇಗವರ್ಧಕ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಕರಕು ಉಳಿಯುತ್ತದೆ. ನನ್ನ ವಿದ್ಯಾರ್ಥಿ ರಾತ್ರಿಯೆಲ್ಲ ಕಾಯುವ ಅಂಕಿ ಇದೇ. ದೂರದ ಮಾತೇಕೆ, ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್. ಕಾರ್ಖಾನೆಯಲ್ಲೂ ವೇಗವರ್ಧಕವನ್ನು ನಿಲ್ಲಿಸದೆ ಪುನಶ್ಚೇತನಗೊಳಿಸುವ ಘಟಕಗಳಿವೆ.

ಒಂದು ಬೇಲಿ, ಒಂದು ಹೊಸ ದಾರಿ

ಈ ಕರಕು ಸುಡುವ ಕೆಲಸದ ಸುತ್ತ ದೊಡ್ಡ ದೊಡ್ಡ ಕಂಪನಿಗಳ ನಡುವೆ ಪೇಟೆಂಟಿನ ಜಟಾಪಟಿ ನಡೆದದ್ದುಂಟು. ಯೂಜೀನ್ ಹೂಡ್ರಿ ಎಂಬ ಫ್ರೆಂಚ್ ಎಂಜಿನಿಯರ್ 1892ರಲ್ಲಿ ಹುಟ್ಟಿದವರು. ವೇಗವರ್ಧಕದಿಂದ ದಪ್ಪ ತೈಲವನ್ನು ಒಡೆದು ಪೆಟ್ರೋಲ್ ಮಾಡುವ ವಿಧಾನ ಅವರದು. ಹಿಂದಿನವರು ಕೈಬಿಟ್ಟದ್ದು ಕರಕಿನ ಕಾರಣದಿಂದ. ಕೆಲವೇ ನಿಮಿಷಗಳಲ್ಲಿ ವೇಗವರ್ಧಕ ಕಪ್ಪಾಗಿ ನಿಂತುಬಿಡುತ್ತಿತ್ತು. ಹೂಡ್ರಿ ಕರಕನ್ನು ತಡೆಯಲು ಹೋಗಲಿಲ್ಲ, ಅದನ್ನು ಮತ್ತೆ ಮತ್ತೆ ಸುಡುವ ವ್ಯವಸ್ಥೆ ಮಾಡಿದರು. ಹಲವು ಪಾತ್ರೆಗಳನ್ನು ಸಾಲಾಗಿ ಇಟ್ಟು, ಒಂದರಲ್ಲಿ ತೈಲ ಹರಿಯುವಾಗ ಇನ್ನೊಂದರಲ್ಲಿ ಗಾಳಿ ಬಿಟ್ಟು ಸುಡುವುದು, ಸುಮಾರು ಹತ್ತು ನಿಮಿಷಕ್ಕೊಮ್ಮೆ ಪಾಳಿ ಬದಲಿಸುವುದು. ಸುಡುವಾಗ ಏಳುವ ಶಾಖವನ್ನು ಕರಗಿದ ಉಪ್ಪನ್ನು ಹರಿಸಿ ಹೊರಗೆ ತೆಗೆಯುತ್ತಿದ್ದರು. 1936ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಪಾಲ್ಸ್‌ಬರೋದಲ್ಲಿ ಮೊದಲ ಘಟಕ, 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಸನ್ ಆಯಿಲ್ ಕಂಪನಿಯ ದೊಡ್ಡ ಘಟಕ ಶುರುವಾದವು.

ಹೂಡ್ರಿ ತಮ್ಮ ವಿಧಾನದ ಸುತ್ತ ಪೇಟೆಂಟಿನ ಬೇಲಿ ಹಾಕಿದ್ದರು. ಬಳಸಬೇಕೆನ್ನುವವರು ಲೈಸೆನ್ಸಿಗೆ ಹಣ ಕೊಡಬೇಕು. ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗೆ ಆ ಹಣ ದುಬಾರಿ ಎನಿಸಿತು. ಅದು 1938ರಲ್ಲಿ ಬೇರೆ ಕಂಪನಿಗಳನ್ನು ಕೂಡಿಸಿಕೊಂಡು, ಹೂಡ್ರಿಯವರ ಪೇಟೆಂಟನ್ನು ಮುಟ್ಟದೆ ಅದೇ ಕೆಲಸ ಮಾಡುವ ಇನ್ನೊಂದು ದಾರಿ ಹುಡುಕಲು ಒಂದು ಕೂಟ ಕಟ್ಟಿತು. ಎಂ.ಐ.ಟಿ. ಎಂಬ ಹೆಸರಾಂತ ವಿದ್ಯಾಸಂಸ್ಥೆಯ ವಾರೆನ್ ಲೂಯಿಸ್ ಮತ್ತು ಎಡ್ವಿನ್ ಗಿಲಿಲ್ಯಾಂಡ್ ಎಂಬ ಪ್ರಾಧ್ಯಾಪಕರ ನೆರವೂ ಸಿಕ್ಕಿತು.

ಅವರು ಕಂಡ ದಾರಿ ಸೊಗಸಾಗಿತ್ತು. ಗುಂಡುಗಳ ಬದಲು ನುಣ್ಣನೆಯ ಪುಡಿ ತೆಗೆದುಕೊಂಡರು. ಪುಡಿಯ ಕೆಳಗಿನಿಂದ ತಕ್ಕ ವೇಗದಲ್ಲಿ ಅನಿಲ ಬಿಟ್ಟರೆ ಅದು ನೀರಿನಂತೆ ಹರಿಯುತ್ತದೆ. ಹಾಗಾಗಿ ಪಾತ್ರೆಗಳು ಪಾಳಿ ಬದಲಿಸಬೇಕಾಗಿಲ್ಲ, ಪುಡಿಯೇ ಸಂಚಾರ ಮಾಡುತ್ತದೆ. ಒಂದು ಪಾತ್ರೆಯಲ್ಲಿ ತೈಲ ಒಡೆದು ಕರಕು ಹೊತ್ತು ಇನ್ನೊಂದಕ್ಕೆ ಹೋಗುತ್ತದೆ, ಅಲ್ಲಿ ಗಾಳಿಯಲ್ಲಿ ಕರಕು ಸುಟ್ಟು ಕೆಂಪಗೆ ಕಾದು ಮತ್ತೆ ತೈಲದ ಬಳಿಗೆ ಬರುತ್ತದೆ. ಆ ಶಾಖದಲ್ಲೇ ಹೊಸ ತೈಲ ಒಡೆಯುತ್ತದೆ. ಹೂಡ್ರಿಯವರು ಹೊರಗೆ ತೆಗೆಯಬೇಕಾಗಿದ್ದ ಶಾಖವೇ ಇಲ್ಲಿ ಒಲೆಯ ಉರಿಯಾಯಿತು. 1942ರ ಮೇ 25ರಂದು ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಇಂಥ ಮೊದಲ ಘಟಕ ಚಾಲೂ ಆಯಿತು. ಸ್ಟ್ಯಾಂಡರ್ಡ್ ಆಯಿಲ್‌ನ ನಾಲ್ವರ ಹೆಸರಿನಲ್ಲಿ 1948ರಲ್ಲಿ ಪೇಟೆಂಟ್ ಬಂತು. ಜಗತ್ತಿನ ರಿಫೈನರಿಗಳಲ್ಲಿ ಇವತ್ತಿಗೂ ನಡೆಯುತ್ತಿರುವುದು ಈ ಬಗೆಯ ಘಟಕಗಳೇ.

ವಿದ್ಯಾರ್ಥಿಗಳೇ, ಇಲ್ಲಿ ಗಮನಿಸಿ. ಕರಕನ್ನು ಆಮ್ಲಜನಕದಲ್ಲಿ ಸುಡುವುದು ಇಬ್ಬರದ್ದೂ ಒಂದೇ. ಇಂಗಾಲ ಸುಡುತ್ತದೆ ಎಂಬ ನಿಸರ್ಗದ ನಿಯಮಕ್ಕೆ ಯಾರೂ ಒಡೆಯರಾಗಲಿಲ್ಲ. ಪೇಟೆಂಟ್ ಸಿಕ್ಕಿದ್ದು ಸುಡಲು ಕಂಡುಕೊಂಡ ವಿಧಾನಕ್ಕೆ. ಬೇಲಿ ಹಾಕಿದವರಿಗೆ ತಮ್ಮ ಹೊಲ ಸಿಕ್ಕಿತು. ಬೇಲಿ ಹಾರದೆ ಬೇರೆ ದಾರಿ ಕಡಿದವರಿಗೆ ಅವರ ದಾರಿ ಸಿಕ್ಕಿತು.

ಅಂಕಿಗೆ ಒಡೆಯನುಂಟೆ?

ಹಾಗಾದರೆ ಒಂದು ಅಂಕಿಗೆ? "ಆಮ್ಲಜನಕ ಇಷ್ಟರಿಂದ ಇಷ್ಟರವರೆಗೆ" ಎಂದು ಬರೆದು ಅದಕ್ಕೆ ಪೇಟೆಂಟ್ ಕೇಳಬಹುದೇ? ನನ್ನ ವಿದ್ಯಾರ್ಥಿಯ ನಿಜವಾದ ಪ್ರಶ್ನೆ ಇದು. ಇಂಥ ಪ್ರಶ್ನೆಗಳು ಅಮೆರಿಕದ ನ್ಯಾಯಾಲಯಗಳಿಗೆ ಹಲವು ಸಲ ಬಂದಿವೆ. ಮೂರು ಮೊಕದ್ದಮೆ ಹೇಳುತ್ತೇನೆ. ಮೂರೂ ಬೇರೆ ಬೇರೆ ಕಾರ್ಖಾನೆಗಳ ಮಾತು, ಆದರೆ ಪ್ರಶ್ನೆ ಒಂದೇ.

ಮೊದಲನೆಯದು 1955ರ ಆ್ಯಲರ್ ಪ್ರಕರಣ. ಫೀನಾಲ್ ತಯಾರಿಸುವ ಹಳೆಯ ವಿಧಾನದಲ್ಲಿ 100 ಡಿಗ್ರಿ ಶಾಖ, ಶೇಕಡ 10ರ ಆಮ್ಲ ಇತ್ತು. ಅರ್ಜಿದಾರರು 40ರಿಂದ 80 ಡಿಗ್ರಿ, ಶೇಕಡ 25ರಿಂದ 70ರ ಆಮ್ಲ ಎಂದು ಬದಲಿಸಿ ಪೇಟೆಂಟ್ ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ. ಮೂಲ ವಿಧಾನ ಗೊತ್ತಿರುವಾಗ ಮಾಮೂಲಿ ಪ್ರಯೋಗಗಳಿಂದ ಒಳ್ಳೆಯ ಅಂಕಿಯನ್ನು ಹುಡುಕುವುದು ಆವಿಷ್ಕಾರವಲ್ಲ ಎಂದಿತು.

ಎರಡನೆಯದು 1977ರ ಆ್ಯಂಟನಿ ಪ್ರಕರಣ. ಕೊಳಚೆ ನೀರನ್ನು ತಿರುಗುವ ತಟ್ಟೆಗಳಿಂದ ಶುದ್ಧಗೊಳಿಸುವ ಯಂತ್ರ. ತೊಟ್ಟಿಯ ಗಾತ್ರಕ್ಕೂ ತಟ್ಟೆಗಳ ವಿಸ್ತೀರ್ಣಕ್ಕೂ ಒಂದು ನಿರ್ದಿಷ್ಟ ಪ್ರಮಾಣ ಇರಬೇಕೆಂದು ಅರ್ಜಿದಾರ ಹೇಳಿದ್ದ. ಇದೂ ಬರೀ ಅಂಕಿಯೇ. ಆದರೆ ಇಲ್ಲಿ ಅರ್ಜಿದಾರ ಗೆದ್ದ. ಏಕೆಂದರೆ ಆ ಪ್ರಮಾಣದಿಂದ ಫಲಿತಾಂಶ ಬದಲಾಗುತ್ತದೆ ಎಂಬುದೇ ಅದಕ್ಕೆ ಮುಂಚೆ ಯಾರ ಗಮನಕ್ಕೂ ಬಂದಿರಲಿಲ್ಲ.

ಮೂರನೆಯದು ಆಮ್ಲಜನಕದ್ದೇ. ಸಸ್ಯಗಳ ಸಕ್ಕರೆಯಿಂದ ಪ್ಲಾಸ್ಟಿಕ್ ಬಾಟಲಿಗೆ ಬೇಕಾದ ಒಂದು ಆಮ್ಲವನ್ನು ವೇಗವರ್ಧಕದ ನೆರವಿನಿಂದ ತಯಾರಿಸುವ ವಿಧಾನಕ್ಕೆ ಸಿನ್ವಿನಾ ಎಂಬ ಕಂಪನಿ ಪೇಟೆಂಟ್ ಹೊಂದಿತ್ತು. ಶಾಖ 140ರಿಂದ 200 ಡಿಗ್ರಿ, ಆಮ್ಲಜನಕದ ಪಾಲಿನ ಒತ್ತಡ 1ರಿಂದ 10 ಬಾರ್ ಎಂದು ಅದರಲ್ಲಿ ಬರೆದಿತ್ತು. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ವಾಯುವಿನ ಒತ್ತಡದಷ್ಟು. ಡುಪಾಂಟ್ ಕಂಪನಿ ಇದನ್ನು ಪ್ರಶ್ನಿಸಿತು. ಇದೇ ವಸ್ತು, ಇದೇ ಬಗೆಯ ವೇಗವರ್ಧಕ, ಈ ಅಂಕಿಗಳೊಳಗೆ ಹಾದುಬರುವ ಅಂಕಿಗಳು ಹಳೆಯ ಪ್ರಕಟಣೆಗಳಲ್ಲಿ ಆಗಲೇ ಇವೆ ಎಂದು ವಾದಿಸಿತು. ಪೇಟೆಂಟ್ ಕಚೇರಿಯ ಮಂಡಳಿ ಸಿನ್ವಿನಾ ಪರ ತೀರ್ಪು ಕೊಟ್ಟಿತ್ತು. ಮೇಲ್ಮನವಿ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಅದನ್ನು ತಿರುಗಿಸಿತು. ಶಾಖ ಮತ್ತು ಆಮ್ಲಜನಕವನ್ನು ಹೆಚ್ಚು ಕಡಿಮೆ ಮಾಡಿದರೆ ಫಲ ಬದಲಾಗುತ್ತದೆಂದು ಕಸುಬು ಬಲ್ಲವರಿಗೆ ಮೊದಲೇ ತಿಳಿದಿತ್ತು. ಆ ಅಂಕಿಗಳಿಂದ ಯಾರೂ ನಿರೀಕ್ಷಿಸದ ಹೊಸ ಫಲವೇನೂ ಬಂದಿರಲಿಲ್ಲ. ಹಾಗಾಗಿ ಅದು ಆವಿಷ್ಕಾರವೆನಿಸಲಿಲ್ಲ.

ಮೂರನ್ನೂ ಕೂಡಿಸಿದರೆ ಉತ್ತರ ಸಿಗುತ್ತದೆ. ಗೊತ್ತಿರುವ ಗುಂಡಿಯನ್ನು ಸ್ವಲ್ಪ ಆಚೀಚೆ ತಿರುಗಿಸಿದವನಿಗೆ ಅಂಕಿ ದಕ್ಕುವುದಿಲ್ಲ. ಅಂಥ ಒಂದು ಗುಂಡಿ ಇದೆ ಎಂದು ಮೊದಲು ಕಂಡವನಿಗೆ, ಅಥವಾ ತಿರುಗಿಸಿದಾಗ ಯಾರೂ ಎಣಿಸದ ಫಲ ತೋರಿಸಿದವನಿಗೆ ದಕ್ಕಬಹುದು.

ಅಳತೆಗೋಲು ಯಾರು?

ಇಲ್ಲಿ ನನ್ನ ಕಣ್ಣು ತೆರೆಸಿದ ಒಂದು ಸಂಗತಿಯಿದೆ. "ಇದು ಮೊದಲೇ ಗೊತ್ತಿದ್ದದ್ದು" ಎಂದು ನ್ಯಾಯಾಲಯ ಹೇಳುವಾಗ, ಯಾರಿಗೆ ಗೊತ್ತಿದ್ದದ್ದು? ದೊಡ್ಡ ವಿಜ್ಞಾನಿಗಲ್ಲ, ನ್ಯಾಯಾಧೀಶರಿಗೂ ಅಲ್ಲ. ಆ ಕಸುಬನ್ನು ಬಲ್ಲ ಒಬ್ಬ ಸಾಧಾರಣ ವ್ಯಕ್ತಿಗೆ. ಉರ್ದುವಿನಲ್ಲಿ ನಾವು ಹುನರ್‌ಮಂದ್ ಎನ್ನುತ್ತೇವಲ್ಲ, ಅವನಿಗೆ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯೂ ಆವಿಷ್ಕಾರವನ್ನು ಅಳೆಯುವುದು ಅವನನ್ನು ಮುಂದಿಟ್ಟುಕೊಂಡೇ.

ನಮ್ಮ ಸುಪ್ರೀಂ ಕೋರ್ಟಿನ 1978ರ ಒಂದು ತೀರ್ಪು ಇದಕ್ಕೆ ಸಾಕ್ಷಿ. ಹಿತ್ತಾಳೆ ಪಾತ್ರೆಗಳನ್ನು ಹೆರೆದು ಹೊಳಪು ಕೊಡಲು ಲೇತ್ ಯಂತ್ರಕ್ಕೆ ಸಿಕ್ಕಿಸಿ ಹಿಡಿಯುವ ಸಾಧನಕ್ಕೆ ಮಿರ್ಜಾಪುರದ ಒಂದು ಸಂಸ್ಥೆ 1951ರ ಪೇಟೆಂಟ್ ಹೊಂದಿತ್ತು. ಆ ಪೇಟೆಂಟ್ ನಿಲ್ಲಲಿಲ್ಲ. ಹೊಸದೆಂದು ಹೇಳುವುದು ಕಾರ್ಖಾನೆಯ ಮಾಮೂಲಿ ಸುಧಾರಣೆಗಿಂತ ಮಿಗಿಲಾಗಿರಬೇಕು, ಹಳೆಯ ತಂತ್ರಕ್ಕೆ ಅಲ್ಪ ಬದಲಾವಣೆ ಮಾಡಿದರೆ ಸಾಲದು ಎಂದು ಕೋರ್ಟ್ ಹೇಳಿತು. ಅಂದರೆ ಲೇತ್ ಮುಂದೆ ನಿಂತು ಪಾತ್ರೆ ಹೆರೆಯುವವನ ದಿನನಿತ್ಯದ ಜಾಣತನವನ್ನು ಯಾರೋ ಒಬ್ಬರು ತಮ್ಮದೇ ಸ್ವತ್ತೆಂದು ಬರೆಸಿಕೊಳ್ಳುವಂತಿಲ್ಲ.

"ಬರೀ ಆಪರೇಟರ್" ಎಂದ ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟು: "ಮಗೂ, ಕೋಟಿ ಕೋಟಿ ರೂಪಾಯಿಯ ಮೊಕದ್ದಮೆಯಲ್ಲಿ ಕಾನೂನು ಹಿಡಿದು ನೋಡುವ ಅಳತೆಗೋಲು ನಿನ್ನಂಥವನೇ. ನಿನ್ನ ಕಸುಬಿನವರಿಗೆಲ್ಲ ಗೊತ್ತಿರುವುದು ಯಾರ ಸ್ವಂತದ್ದೂ ಅಲ್ಲ."

ಬರೆದಿಟ್ಟರೆ ಮಾತ್ರ

ಆದರೆ ಇದಕ್ಕೊಂದು ಷರತ್ತಿದೆ. ಎಲ್ಲರಿಗೂ ಗೊತ್ತಿತ್ತು ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ತೋರಿಸಬೇಕು.

ಅರಿಶಿನದ ಕಥೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಆದರೆ ಅಜ್ಜಿಯ ಮಾತು ಪೇಟೆಂಟ್ ಕಚೇರಿಯಲ್ಲಿ ದಾಖಲೆಯಾಗುವುದಿಲ್ಲ. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ 32 ಬರಹಗಳನ್ನು ಹುಡುಕಿ ಮುಂದಿಟ್ಟಿತು. ಅವುಗಳಲ್ಲಿ ಕೆಲವು ನೂರು ವರ್ಷಕ್ಕೂ ಹಳೆಯವು, ಸಂಸ್ಕೃತ, ಉರ್ದು, ಹಿಂದಿ ಭಾಷೆಯವು. 1997ರಲ್ಲಿ ಆ ಪೇಟೆಂಟ್ ಬಿದ್ದುಹೋಯಿತು. ಉರ್ದು ಓದಿ ಏನು ಪ್ರಯೋಜನ ಎಂದು ನನ್ನನ್ನು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಮುಂದೆ 2001ರಲ್ಲಿ ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳ ಹಳೆಯ ಗ್ರಂಥಗಳ ಜ್ಞಾನವನ್ನು ಪೇಟೆಂಟ್ ಕಚೇರಿಗಳಿಗೆ ತಿಳಿಯುವಂತೆ ದಾಖಲಿಸುವ ಕೆಲಸ ಸರ್ಕಾರದ ವತಿಯಿಂದಲೇ ಆರಂಭವಾಯಿತು.

ಭಾಷಾ ಮೇಷ್ಟ್ರಾಗಿ ಇನ್ನೊಂದು ಮಾತು. ಪೇಟೆಂಟ್ ಎಂಬ ಪದದ ಮೂಲ ಲ್ಯಾಟಿನ್. ಅರ್ಥ "ತೆರೆದದ್ದು". ರಾಜ ಹೊರಡಿಸುತ್ತಿದ್ದ, ಎಲ್ಲರೂ ಓದಬಹುದಾದ ತೆರೆದ ಪತ್ರಕ್ಕೆ ಆ ಹೆಸರಿತ್ತು. ಇವತ್ತೂ ಪೇಟೆಂಟ್ ಒಂದು ಕರಾರು: ನಿನ್ನ ಆವಿಷ್ಕಾರವನ್ನು ಇನ್ನೊಬ್ಬ ಕಸುಬುದಾರ ಓದಿ ಮಾಡಿನೋಡುವಷ್ಟು ಬಿಡಿಸಿ ಬರೆ, ಬದಲಿಗೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಅದರ ಹಕ್ಕು ನಿನ್ನದು. ಆಮೇಲೆ ಅದು ಎಲ್ಲರದ್ದು. ಹೂಡ್ರಿಯವರ ಪೇಟೆಂಟನ್ನೂ ಬ್ಯಾಟನ್ ರೂಜ್‌ನವರ ಪೇಟೆಂಟನ್ನೂ ಇವತ್ತು ಕಾಸು ಕೊಡದೆ ಯಾರು ಬೇಕಾದರೂ ಓದಬಹುದು.

ಕಾರ್ಖಾನೆಯ ಗುಟ್ಟಿನ ಕೈಪಿಡಿ ಮಾತ್ರ ಬೇರೆ. ಅದು ನಂಬಿ ನಿಮ್ಮ ಕೈಗೆ ಕೊಟ್ಟ ಅಮಾನತ್ತು. ಅದನ್ನು ನಕಲು ಮಾಡಿ ಹೊರಗೆ ಒಯ್ಯುವುದು ಜಾಣತನವಲ್ಲ, ದ್ರೋಹ. ತೆರೆದ ಪತ್ರಕ್ಕೂ ಮುಚ್ಚಿದ ಪತ್ರಕ್ಕೂ ಇರುವ ಈ ಅಂತರ ನೆನಪಿರಲಿ.

ನನ್ನ ಕೋರಿಕೆ

ವಿದ್ಯಾರ್ಥಿಗಳೇ, ನಾನು ನಿಮ್ಮಿಂದ ಕೇಳುವುದು ಮೂರೇ ವಿಷಯ.

ಒಂದು, ಪ್ರಯೋಗಾಲಯದ ಪುಸ್ತಕವನ್ನು ಪಕ್ಕದವನಿಂದ ನಕಲು ಮಾಡಬೇಡಿ. ನಿಮ್ಮ ಕಣ್ಣಿಗೆ ಕಂಡ ಅಂಕಿಯನ್ನೇ, ತಾರೀಖು ಹಾಕಿ ಬರೆಯಿರಿ. ಉತ್ತರ ತಪ್ಪಿದ್ದರೂ ಪರವಾಗಿಲ್ಲ. ಯಾರೂ ಎಣಿಸದ ಫಲ ಮೊದಲು ಕಾಣಿಸಿಕೊಳ್ಳುವುದು ತಪ್ಪಿದ ಅಂಕಿಯಂತೆಯೇ.

ಎರಡು, ನೀವು ಕಲಿಯುತ್ತಿರುವ ಕಸುಬಿನಲ್ಲಿ ಒಂದಾದರೂ ಪೇಟೆಂಟನ್ನು ತರಿಸಿ ಓದಿ. ಭಾಷೆ ಒರಟಾಗಿರುತ್ತದೆ, ಹೆದರಬೇಡಿ. ಪೇಟೆಂಟ್ ಅರ್ಜಿ ಪ್ರಕಟವಾದ ಮೇಲೆ, ಮಂಜೂರಾಗುವ ಮುಂಚೆ, ಅದು ಹೊಸದಲ್ಲ ಎಂದು ಆಕ್ಷೇಪಿಸುವ ಹಕ್ಕನ್ನು ನಮ್ಮ ಕಾಯ್ದೆಯ 25ನೇ ಸೆಕ್ಷನ್ ಯಾರಿಗೆ ಬೇಕಾದರೂ ಕೊಟ್ಟಿದೆ. ಆ ಹಕ್ಕು ಉಪಯೋಗಕ್ಕೆ ಬರುವುದು ಓದಿದವರಿಗೆ ಮಾತ್ರ.

ಮೂರು, ನಿಮ್ಮ ಮನೆಯಲ್ಲಿ ತಂದೆ, ಚಿಕ್ಕಪ್ಪ, ತಾಯಿ ಯಾರಿಗಾದರೂ ಒಂದು ಹುನರ್ ಇದ್ದರೆ, ಭಟ್ಟಿಯದೋ ಬಣ್ಣದ್ದೋ ಕಸೂತಿಯದೋ, ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ. ಎಷ್ಟು, ಎಷ್ಟು ಹೊತ್ತು, ಯಾಕೆ ಎಂದು ಕೇಳಿ. ಕನ್ನಡದಲ್ಲಿ ಬರೆದರೂ ಸರಿ, ಉರ್ದುವಿನಲ್ಲಾದರೂ ಸರಿ.

ಸಂಘದ ಹಿರಿಯರಲ್ಲೂ ಒಂದು ವಿನಂತಿ. ವರ್ಷವರ್ಷವೂ ನಾವು ಹೆಚ್ಚು ಅಂಕ ತೆಗೆದ ಮಕ್ಕಳನ್ನು ಸನ್ಮಾನಿಸುತ್ತೇವೆ. ಅದು ಬೇಕು. ಅದರ ಜೊತೆಗೆ ಐ.ಟಿ.ಐ. ಮತ್ತು ಡಿಪ್ಲೊಮಾ ಓದುವ ಮಕ್ಕಳನ್ನೂ ಈ ವೇದಿಕೆಗೆ ಕರೆಯೋಣ. ಅವರು ಎರಡನೇ ಸಾಲಿನವರಲ್ಲ.

ನನ್ನ ವಿದ್ಯಾರ್ಥಿ ಈಚೆಗೆ ಮತ್ತೆ ಫೋನ್ ಮಾಡಿದ್ದ. ಹಳೆಯ ಪೇಟೆಂಟ್ ಒಂದನ್ನು ಓದಲು ಶುರು ಮಾಡಿದ್ದಾನಂತೆ. "ಅರ್ಧ ಅರ್ಥವಾಯ್ತು ಸರ್, ಇನ್ನರ್ಧಕ್ಕೆ ನಮ್ಮ ಶಿಫ್ಟ್ ಎಂಜಿನಿಯರನ್ನ ಕೇಳ್ತೀನಿ" ಎಂದ. ಈ ಸಲ "ಬರೀ ಆಪರೇಟರ್" ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ.